ಒದ್ದ ಮೇಲೆ ಮುಟ್ಟುವ ಕೈ

ನನ್ನ ಬಲಗಾಲು ಎದುರಿಗಿದ್ದ ಹುಡುಗಿಯ ಹೊಟ್ಟೆಗೆ ಸರಿಯಾಗಿಯೇ ತಾಗಿತು. ಕರಾಟೆಯ ಹಸಿರು ಬೆಲ್ಟಿನ ಪರೀಕ್ಷೆ ಅದು. ಖಾನಾಪುರದ ಒಂದು ಮಂಗಲ ಕಾರ್ಯಾಲಯದಲ್ಲಿ ನೀಲಿ ಚಾಪೆ ಹಾಸಿ, ಸುತ್ತಲೂ ಮದುವೆಯ ಕುರ್ಚಿಗಳನ್ನಿಟ್ಟು ಪಾಲಕರನ್ನು ಕೂಡಿಸಿದ್ದರು. ಒದೆತ ಮೈಗೆ ತಾಗಬೇಕು, ಆದರೆ ನೋಯಬಾರದು, ಇದು ನಿಯಮ. ತಾಗಿತು, ನೋಯಲಿಲ್ಲ. ಯಾರೋ ಚಪ್ಪಾಳೆ ಹೊಡೆಯಲು ಕೈ ಎತ್ತಿಯೂ ಇದ್ದರು. ಅಷ್ಟರಲ್ಲಿ ನನ್ನ ಬಲಗೈ ನನ್ನನ್ನು ಕೇಳದೆ ಮುಂದೆ ಹೋಗಿ ಆ ಹುಡುಗಿಯ ಹೊಟ್ಟೆಯನ್ನು ಮುಟ್ಟಿತು. ಮುಟ್ಟಿದ ಬೆರಳನ್ನು ನಾನು ಬಗ್ಗಿ ಕಣ್ಣಿಗೊತ್ತಿಕೊಂಡೆ. ಕಣ್ಣು ತೆರೆಯುವುದರೊಳಗೆ ಅವಳ ಮುಷ್ಟಿ ನನ್ನ ಮೂಗಿನ ಮೇಲಿತ್ತು.

ನೋವು ಆಮೇಲೆ ಬಂತು. ಮೊದಲು ಬಂದದ್ದು ಗಾಬರಿ. ನಲವತ್ತು ದಾಟಿದ ನನ್ನ ಮೂಗಿಗೆ ಅದುವರೆಗೆ ಯಾರೂ ಗುದ್ದಿರಲಿಲ್ಲ. ಅವ್ವ ಬೆನ್ನಿಗೆ ಹೊಡೆದಿದ್ದಳು, ಶಾಲೆಯಲ್ಲಿ ಮಾಸ್ತರು ಅಂಗೈಗೆ ಹೊಡೆದಿದ್ದರು, ಮೂಗು ಮಾತ್ರ ಯಾರ ಕೈಗೂ ಸಿಗದೆ ಮರ್ಯಾದೆಯಿಂದ ಬದುಕಿತ್ತು. ನಾನು ಚಾಪೆಯ ಮೇಲೆ ಕುಳಿತುಬಿಟ್ಟೆ. ಹತ್ತನೆಯ ತರಗತಿಯ ಆ ಹುಡುಗಿ ನನಗಿಂತ ಹೆಚ್ಚು ಹೆದರಿ, "ನಾ ಕೈ ನಿಲ್ಲಿಸಿದ್ದೆ ಆಂಟಿ, ನೀವ ಬಗ್ಗಿದ್ರಿ, ನೀವ ಮೂಗು ತಂದ್ರಿ" ಎಂದು ಅಳತೊಡಗಿದಳು. ಅವಳು ಹೇಳಿದ್ದು ಖರೆ. ಗೇಣು ದೂರದಲ್ಲಿ ನಿಲ್ಲಬೇಕಾಗಿದ್ದ ಮುಷ್ಟಿಗೆ ನಾನೇ ಮೂಗನ್ನು ಒಯ್ದು ಕೊಟ್ಟಿದ್ದೆ.

ನಮ್ಮ ಕರಾಟೆ ಸರ್ ಸೀಟಿ ಊದಿ ಬಂದರು. ಮಿಲಿಟರಿಯಿಂದ ನಿವೃತ್ತರಾದವರು, ಮನೆಮಾತು ಮರಾಠಿ, ಮೀಸೆ ಮಾತ್ರ ಎರಡೂ ಭಾಷೆಯಲ್ಲಿ ಬೈಯುವಂತಹದು.

"ಏನ ಮಾಡಿದ್ರಿ ಮ್ಯಾಡಂ ಇದು?"

"ಕಾಲು ತಾಗಿತಲ್ರೀ ಸರ್."

"ತಾಗಲಿ ಅಂತನ ಅಲ್ಲೇನ್ರಿ ಒದ್ದದ್ದು?"

ಇಡೀ ಮಂಗಲ ಕಾರ್ಯಾಲಯ ನಕ್ಕಿತು. ನನ್ನ ಮಗಳು ನೀಲಿ ಬೆಲ್ಟಿನವರ ಸಾಲಿನಲ್ಲಿ ಕುಳಿತಿದ್ದಳು. ಅವಳು ಮಾತ್ರ ನಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ನಪಾಸಾದೆ.

ಕಾಲು ಇನ್ನೊಬ್ಬರಿಗೆ ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಆದರೆ ನಮ್ಮ ಮನೆಯಲ್ಲಿ ಅದು ಉಸಿರಾಟದ ಹಾಗೆ ಇತ್ತು. ಅವ್ವ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತಾಗ ನಾವು ಮಕ್ಕಳು ಸದ್ದು ಮಾಡಿದರೂ ಸಹಿಸುತ್ತಿದ್ದಳು. ಒಬ್ಬರಿಗೊಬ್ಬರು ಕಾಲು ತಾಗಿಸಿ ಸುಮ್ಮನಿದ್ದರೆ ಸಹಿಸುತ್ತಿರಲಿಲ್ಲ. "ಎದುರಿಗಿರಾವರೊಳಗ ಶಿವ ಅದಾನ. ಆತಗ ಕಾಲ ಹಚ್ಚಿ ಹಂಗ ಹೋಗತೀಯೇನು?" ಎನ್ನುವಳು. ಖಾನಾಪುರದ ಮನೆಯ ಪಡಸಾಲೆಯಲ್ಲಿ ನಾವೆಲ್ಲ ಸಾಲಾಗಿ ಮಲಗುತ್ತಿದ್ದೆವು. ನಿದ್ದೆಯಲ್ಲಿ ತಮ್ಮನಿಗೆ ಕಾಲು ತಾಗಿದರೆ ನನ್ನ ಕೈ ಕತ್ತಲೆಯಲ್ಲೇ ತಡಕಾಡಿ ಅವನನ್ನು ಮುಟ್ಟಿ ಬರುತ್ತಿತ್ತು. ಎಚ್ಚರವೂ ಆಗುತ್ತಿರಲಿಲ್ಲ.

ಬೆಳಗಾವಿಗೆ ಮದುವೆಯಾಗಿ ಬಂದ ಮೇಲೂ ಆ ಕೈ ನನ್ನ ಜೊತೆಗೇ ಬಂತು. ನಾನು ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಪುಸ್ತಕಗಳು ನೆಲದ ಮೇಲೂ ಇರುತ್ತವೆ, ಕಾಲಿಗೂ ತಾಗುತ್ತವೆ. ದಿನವಿಡೀ ಬಗ್ಗುವುದು, ಮುಟ್ಟುವುದು, ಕಣ್ಣಿಗೊತ್ತಿಕೊಳ್ಳುವುದು. ಖಾನಾಪುರದ ಬಸ್ಸಿನಲ್ಲಿ ಹಬ್ಬದ ಗದ್ದಲವಿದ್ದಾಗಲಂತೂ ಯಾರ ಕಾಲು ಯಾರದೆಂದು ತಿಳಿಯದೆ ನಾನು ಅರ್ಧ ಬಸ್ಸಿಗೆ ನಮಸ್ಕಾರ ಮಾಡಿ ಇಳಿದದ್ದುಂಟು.

ಇಂಥ ಕೈಯುಳ್ಳವಳು ಕರಾಟೆಗೆ ಯಾಕೆ ಹೋದಳು ಎಂದು ನೀವು ಕೇಳಬಹುದು. ಸಿಟ್ಟಿಗೆ ಹೋದೆ. ಮಗಳನ್ನು ಟಿಳಕವಾಡಿಯ ಒಂದು ಶಾಲೆಯ ಅಂಗಳದಲ್ಲಿ ನಡೆಯುವ ಕರಾಟೆ ಕ್ಲಾಸಿಗೆ ಹಾಕಿದ್ದೆ. ಬಿಟ್ಟು ಬಂದು ಮತ್ತೆ ಕರೆತರುವುದು ಯಾರಿಗೆ ಸಾಧ್ಯ ಎಂದು ನಾವು ತಾಯಂದಿರು ಅಲ್ಲೇ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದೆವು. ಮಾತು ಸ್ವಲ್ಪ ಜೋರಾಗಿಯೇ ಇತ್ತೆಂದು ಒಪ್ಪುತ್ತೇನೆ. ಒಂದು ಸಂಜೆ ಸರ್ ಕ್ಲಾಸು ನಿಲ್ಲಿಸಿ ನಮ್ಮ ಎದುರಿಗೇ ಬಂದು ನಿಂತರು.

"ಬಾಯಿ ಇಷ್ಟ ಚಲೋ ನಡೀತೈತಿ, ಕೈಕಾಲೂ ನಡೀತಾವೇನ್ರಿ? ನಡದ್ರ ಒಳಗ ಬರ್ರಿ. ಇಲ್ಲಂದ್ರ ಗೇಟಿನ ಹೊರಗ ಕುಂದರ್ರಿ."

ಉಳಿದವರು ಮುಖ ಊದಿಸಿಕೊಂಡು ಗೇಟಿನ ಹೊರಗೆ ಹೋದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರು ತಮಾಷೆಗೆ ಹೇಳಿದ್ದಿರಬೇಕು, ಯಾಕೆಂದರೆ ನಾನು ಸೀರೆಯ ಸೆರಗು ಸಿಗಿಸಿಕೊಂಡು ಬಂದು ಸಾಲಿನ ತುದಿಗೆ ನಿಂತಾಗ ಅವರ ಮೀಸೆಯೇ ತಬ್ಬಿಬ್ಬಾಯಿತು. ಮರುದಿನ ಬಿಳಿ ಸಮವಸ್ತ್ರ ಹೊಲಿಸಲು ಹಾಕಿದೆ. ಸಿಂಪಿಗ "ಯಾರಿಗ್ರೀ ಅಕ್ಕಾರ, ಹುಡುಗನ ಅಳತಿ ಕೊಡ್ರಿ" ಎಂದ. "ಹುಡುಗ ನಾನ" ಎಂದೆ. ಅವನು ಟೇಪನ್ನು ಇನ್ನಷ್ಟು ಉದ್ದ ಎಳೆದ.

ಒಳಗೆ ಹೋದ ಮೇಲೆ ತಿಳಿದ ಮೊದಲ ಸಂಗತಿಯೆಂದರೆ ಅಲ್ಲಿ ವಯಸ್ಸಿಗೆ ಬೆಲೆಯಿಲ್ಲ. ಬೆಲ್ಟಿನ ಬಣ್ಣವೇ ವಯಸ್ಸು. ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು, ಕೊನೆಗೆ ಕಪ್ಪು. ಚಿಕ್ಕ ಬೆಲ್ಟಿನವರು ದೊಡ್ಡ ಬೆಲ್ಟಿನವರಿಗೆ ಸೊಂಟ ಬಗ್ಗಿಸಿ ನಮಿಸಬೇಕು. ಆಗ ನನ್ನದು ಬಿಳಿ, ಮಗಳದು ಕಿತ್ತಳೆ. ಹಾಲು ಕುಡಿಸಿ, ತಲೆ ಬಾಚಿ, ಬೈದು ಎಬ್ಬಿಸಿ ಕರೆತಂದ ಕೂಸಿಗೆ ನಾನು ಸಂಜೆ ಐದೂವರೆಗೆ ಬಗ್ಗಿ ನಮಿಸುವುದೆಂದರೆ! ಮೊದಲ ದಿನ ನಾನು ಬಗ್ಗಲಿಲ್ಲ. ಅವಳು ಗಂಭೀರವಾಗಿ ಕಾದಳು. ಆಮೇಲೆ ಮೆಲ್ಲಗೆ, "ಮಮ್ಮಿ, ಬಗ್ಗು. ಇಲ್ಲಂದ್ರ ಇಬ್ಬರಿಗೂ ದಂಡ-ಬೈಠಕ್ ಹೊಡಸ್ತಾರ" ಎಂದಳು. ಬಗ್ಗಿದೆ. ಮನೆಗೆ ಬಂದು ಅವಳ ಹೋಮ್‌ವರ್ಕಿನಲ್ಲಿ ತಪ್ಪು ಹುಡುಕಿ ಸೇಡು ತೀರಿಸಿಕೊಂಡೆ.

ಆ ಕ್ಲಾಸಿನಲ್ಲಿ ಎಣಿಕೆ ಜಪಾನಿ, ಬೈಗುಳ ಮರಾಠಿ, ಅಳು ಕನ್ನಡ. ಬಿಳಿಯಿಂದ ಹಳದಿಗೆ ಹೋಗುವುದು ಕಷ್ಟವಾಗಲಿಲ್ಲ. ಗಾಳಿಗೆ ಗುದ್ದುವುದು, ಗಾಳಿಗೆ ಒದೆಯುವುದು, ಕುದುರೆ ಹತ್ತಿದವರಂತೆ ತೊಡೆ ಅಗಲಿಸಿ ನಿಲ್ಲುವುದು. ಮೊಣಕಾಲು ಕಟಕ್ಕೆಂದಾಗ ಸರ್ ಇಡೀ ಸಾಲಿಗೆ ಕೇಳುವಂತೆ "ಎಣ್ಣಿ ಹಚ್ರಿ ಮ್ಯಾಡಂ, ಬಾಗಲಾ ಕಿರುಗುಡಾಕತ್ತೈತಿ" ಎನ್ನುತ್ತಿದ್ದರು. ಹಳದಿಯಿಂದ ಕಿತ್ತಳೆಗೂ ದಾಟಿದೆ. ಗಾಳಿಯೊಳಗೆ ಶಿವನಿದ್ದಾನೆಂದು ಅವ್ವ ಹೇಳಿರಲಿಲ್ಲವಾದ್ದರಿಂದ ಕೈ ಸುಮ್ಮನಿತ್ತು.

ಹಸಿರು ಬೆಲ್ಟಿಗೆ ಮಾತ್ರ ಎದುರಿಗೆ ಮನುಷ್ಯರು ಬಂದು ನಿಂತರು. ಅಲ್ಲಿ ನನ್ನ ಕತೆ ನಿಂತಿತು.

ಹೊಸದಾಗಿ ಬರುವ ಎಲ್ಲ ಮಕ್ಕಳಿಗೂ ಈ ರೋಗ ಇರುತ್ತದೆಂದು ಸರ್ ಹೇಳಿದರು. ಒದೆಯುವುದು, ಮುಟ್ಟಿ ನಮಸ್ಕಾರ ಮಾಡುವುದು. ಮಕ್ಕಳಿಗೆ ಒಂದು ವಾರದಲ್ಲಿ ಹೋಗುತ್ತದೆ. ನನ್ನ ಮಗಳಿಗೂ ಹಾಗೇ ಹೋಗಿತ್ತು. ಆದರೆ ಅವಳು ಕ್ಲಾಸು ಮುಗಿಸಿ ಬರುವಾಗ ಸಿಟಿ ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ತಟ್ಟನೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅದು ಹೇಗೆ ಸಾಧ್ಯ ಎಂದು ಕೇಳಿದೆ.

"ಅದು ಕ್ಲಾಸ್ ಮಮ್ಮಿ, ಇದು ಬಸ್" ಎಂದಳು. ಇಷ್ಟು ಸರಳ ಸಂಗತಿ ನನಗೆ ತಿಳಿಯುವುದಿಲ್ಲವಲ್ಲ ಎಂದು ಅವಳಿಗೆ ಬೇಸರ.

ನನ್ನ ಕೈಗೆ ಈ ಭೇದ ತಿಳಿಯಲಿಲ್ಲ. ಎರಡೂ ಕೈಯಿಂದ ಬೆಲ್ಟು ಹಿಡಿದುಕೊಂಡು ಒದೆಯಲು ಹೇಳಿದರು. ಒದ್ದೆ, ಕೈ ಬೆಲ್ಟು ಬಿಟ್ಟು ಹೋಯಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿದರು. ಕೈ ಹೋಗಲಾರದ್ದಕ್ಕೆ ತಲೆಯೇ ಬಗ್ಗಿತು. ಮನೆಯಲ್ಲಿ ಗಂಡನ ಕೈಗೆ ತಲೆದಿಂಬು ಕೊಟ್ಟು ನಿಲ್ಲಿಸಿ ಅಭ್ಯಾಸ ಮಾಡಿದೆ. ಒದ್ದು ಮುಟ್ಟಿದಾಗಲೆಲ್ಲ ಅವರು ದಿಂಬಿನ ಮೇಲಿಂದ ಒಂದು ಕೈ ಎತ್ತಿ "ಮುತ್ತೈದಿಯಾಗಿ ಬಾಳವ್ವಾ" ಎಂದು ಆಶೀರ್ವಾದ ಮಾಡುತ್ತಿದ್ದರು. ಆ ದಿನಗಳಲ್ಲಿ ನನ್ನಷ್ಟು ಆಶೀರ್ವಾದ ಪಡೆದ ಹೆಂಡತಿ ಬೆಳಗಾವಿಯಲ್ಲಿ ಇರಲಿಕ್ಕಿಲ್ಲ. ಅವರಿಗೆ ನಗು, ನನಗೆ ಕಣ್ಣಲ್ಲಿ ನೀರು. ಯಾಕೆಂದರೆ ಅಷ್ಟರಲ್ಲಿ ನನಗೆ ಆ ಕಪ್ಪು ಬೆಲ್ಟು ಬೇಕೇ ಬೇಕು ಎನಿಸಿತ್ತು. ಓದು ಅಪ್ಪ ಹೇಳಿದ್ದು, ಮದುವೆ ಹಿರಿಯರು ನೋಡಿದ್ದು, ನೌಕರಿ ಸಿಕ್ಕಿದ್ದು. ಇದೊಂದನ್ನು ನಾನಾಗಿ ಕೇಳಿಕೊಂಡಿದ್ದೆ. ನನ್ನದೇ ಕೈ ಅಡ್ಡ ಬರುತ್ತಿತ್ತು.

ಎರಡನೆಯ ಸಲವೂ ಹಸಿರಿಗೆ ನಪಾಸಾದ ದಿನ ನಾನು ಖಾನಾಪುರದಲ್ಲೇ ಉಳಿದು ತವರಿಗೆ ಹೋದೆ. ಸ್ಟೇಶನ್ನಿನ ಹತ್ತಿರ ತಮ್ಮನ ಸಂಸಾರದ ಜೊತೆ ಅವ್ವ ಇರುತ್ತಾಳೆ. ಅದುವರೆಗೆ ಅವಳಿಗೆ ನಾನು ಕರಾಟೆ ಕಲಿಯುವುದನ್ನು ಹೇಳಿರಲಿಲ್ಲ. ಮೊಮ್ಮಗಳು ಕಲಿಯುವುದು ಗೊತ್ತಿತ್ತು, ನಾನು ಅವಳನ್ನು ಕರೆತರಲು ಬಂದವಳೆಂದು ತಿಳಿದಿದ್ದಳು. ಸಿಟ್ಟಿನಲ್ಲಿ ಎಲ್ಲ ಹೇಳಿಬಿಟ್ಟೆ. ನೀನು ಕಲಿಸಿದ್ದರಿಂದಲೇ ನಾನು ನಪಾಸಾದೆ ಎಂದೂ ಹೇಳಿದೆ.

ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. ಕೈ ನಿಂತಿತು.

"ಯಾರಿಗೆ ಒದ್ದಿ?"

"ಒಂದ ಹುಡುಗಿಗೆ."

"ಎಲ್ಲಿ?"

"ಹೊಟ್ಟಿಗೆ."

ಅವಳು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡಳು. ಮುಖ ಬಿಳಿಚಿಕೊಂಡಿತು. ನನಗೂ ಹೆದರಿಕೆಯಾಯಿತು. ಇನ್ನು ಬೈಗುಳ ಶುರುವಾಗುತ್ತದೆ, ನಾಳೆಯಿಂದ ಹೋಗಬೇಡ ಎನ್ನುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

"ಗೊತ್ತಿಲ್ದ ತಾಗಿತೋ, ಬೇಕಂತ ಒದ್ದಿಯೋ?"

"ಬೇಕಂತನ ಅವ್ವಾ. ಪರೀಕ್ಷಾ ಅಲ್ಲೇನು."

"ಮತ್ತ ಮುಟ್ಟಿ ಯಾಕ ಬೇಡಿಕೊಂಡಿ?" ಅವಳ ದನಿ ಏರಿತು. "ಗೊತ್ತಿಲ್ದ ಕಾಲ ತಾಗಿದವ್ರು ಮುಟ್ಟಿ ಕಣ್ಣಿಗೆ ಒತ್ತಿಗೋತಾರ. ಗೊತ್ತಿದ್ದು ಒದ್ದು, ಮ್ಯಾಲ ಮುಟ್ಟಿ ನಮಸ್ಕಾರ ಮಾಡಿದ್ರ ಅದೇನ ಭಕ್ತಿಯೇನು? ನಾಟಕ ಅದು! ಒದೀಬ್ಯಾಡ, ಇಲ್ಲಾ ಬೇಡಬ್ಯಾಡ. ಶಿವನ್ನ ಹುಚ್ಚನ ಮಾಡಾಕ ಹೊಂಟಿಯೇನು?"

ನಾನು ದಂಗಾದೆ. ನಲವತ್ತು ವರ್ಷ ಯಾವುದನ್ನು ನನ್ನ ಒಳ್ಳೆಯ ಗುಣವೆಂದು ಹೊತ್ತು ತಿರುಗಿದ್ದೆನೋ ಅದನ್ನು ಕಲಿಸಿದವಳೇ ನಾಟಕ ಎಂದುಬಿಟ್ಟಳು. ಚಹಾ ಕುಡಿಯದೆ ಎದ್ದು ಬಂದೆ. ಬೆಳಗಾವಿಯವರೆಗೂ ರೈಲಿನ ಕಿಟಕಿಯಲ್ಲಿ ಮೂಗು ಬಿಸಿ ಮಾಡಿಕೊಂಡು ಕುಳಿತೆ. ನಾಟಕವಂತೆ! ದೇಸೂರು ದಾಟುವವರೆಗೂ ಅವಳಿಗೆ ಕೊಡಬೇಕಾದ ಉತ್ತರಗಳನ್ನು ಮನಸ್ಸಿನಲ್ಲೇ ಕೊಟ್ಟೆ. ಒಂದೂ ನಿಲ್ಲಲಿಲ್ಲ. ಅವಳು ಹೇಳಿದ್ದರಲ್ಲಿ ಎಲ್ಲಿಯೂ ಬಿರುಕಿರಲಿಲ್ಲ, ಅದೇ ಹೆಚ್ಚು ಸಿಟ್ಟು ತರಿಸಿತು.

ಆ ಸಿಟ್ಟು ಕೆಲಸ ಮಾಡಿತು. ಮರುದಿನ ಕ್ಲಾಸಿನಲ್ಲಿ ಎದುರಿನವರಿಗೆ ಒದ್ದಾಗ ಕೈ ಹೊರಟಿತು, ಆದರೆ ಅರ್ಧಕ್ಕೆ ನಿಂತಿತು. ಬೇಕಂತ ಒದ್ದಿದ್ದೀಯಲ್ಲ, ಸುಮ್ಮನಿರು ಎಂದು ನಾನು ಕೈಗೆ ಹೇಳಿದೆ. ಕೆಲವು ವಾರ ಹೀಗೆ ಬೈದು ಬೈದು ನಿಲ್ಲಿಸಿದೆ. ಆಮೇಲೆ ಬೈಯುವ ಅಗತ್ಯ ಬೀಳಲಿಲ್ಲ. ಮೂರನೆಯ ಸಲ ಹಸಿರು ಬೆಲ್ಟು ಬಂತು. ಸರ್ ಅದನ್ನು ನನ್ನ ಸೊಂಟಕ್ಕೆ ಕಟ್ಟುತ್ತ, "ಛಾನ್! ಕೈ ನೌಕರಿ ಬಿಡ್ತೇನ್ರಿ ಮ್ಯಾಡಂ?" ಎಂದರು. ನಾನು ಮದುವೆಯ ಕುರ್ಚಿಯ ಮೇಲೆ ಕುಳಿತು ಎಲ್ಲರೆದುರಿಗೆ ಅತ್ತೆ.

ನೀಲಿ ಬಂತು, ಕಂದು ಬಂತು. ಈ ನಡುವೆ ಮಗಳು ಕಪ್ಪು ಬೆಲ್ಟು ಕಟ್ಟಿ ಕಾಲೇಜಿಗೂ ಹೋದಳು. ನನ್ನ ಮೊಣಕಾಲಿನ ಬಾಗಿಲು ಕಿರುಗುಡುವುದು ನಿಲ್ಲಲಿಲ್ಲ, ಆದರೆ ಒದೆತ ಸೊಂಟದಿಂದ ಎದೆಗೆ ಏರಿತು. ಗ್ರಂಥಾಲಯದಲ್ಲಿ ಎಲ್ಲರೂ ನನ್ನೊಡನೆ ಸ್ವಲ್ಪ ಜಾಗರೂಕತೆಯಿಂದ ಮಾತಾಡತೊಡಗಿದರು. ಪುಸ್ತಕ ಹಿಂದಿರುಗಿಸದ ಹುಡುಗರು ಕರೆ ಮಾಡಿದ ದಿನವೇ ತಂದಿಡುತ್ತಿದ್ದರು.

ಒಂದು ಮಧ್ಯಾಹ್ನ ಕಪಾಟಿನ ಸಂದಿಯಲ್ಲಿ ನಡೆಯುವಾಗ ನೆಲದ ಮೇಲಿದ್ದ ಪುಸ್ತಕಗಳ ಅಟ್ಟಿಗೆ ಕಾಲು ತಾಗಿ ಮೇಲಿನದು ಜಾರಿತು. ನಾನು ಮುಂದೆ ಹೋದೆ. ನಮ್ಮ ಹಿರಿಯ ಅಟೆಂಡರು ಬಗ್ಗಿ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಅಟ್ಟಿಯ ಮೇಲಿಟ್ಟು ನನ್ನತ್ತ ಒಮ್ಮೆ ನೋಡಿದರು. ಪಾಪ, ಭಕ್ತಿಯ ಮನುಷ್ಯ ಎಂದುಕೊಂಡೆ.

ಕಪ್ಪು ಬೆಲ್ಟಿನ ಪರೀಕ್ಷೆ ಕಳೆದ ಚಳಿಗಾಲದಲ್ಲಿ ಬಂತು. ಅದೇ ಖಾನಾಪುರ, ಅದೇ ಮಂಗಲ ಕಾರ್ಯಾಲಯ. ಹಿರಿಯ ಪರೀಕ್ಷಕರು ಗೋವಾದಿಂದ ಬರಬೇಕಿತ್ತು. ಕಣಕುಂಬಿಯ ಹತ್ತಿರ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಅವರು ಊಟದ ಹೊತ್ತಿಗೆ ಬಂದರು. ಅಲ್ಲಿಯವರೆಗೆ ನಾನು ಏನೂ ತಿನ್ನದೆ ಕುಳಿತಿದ್ದೆ. ಮಗಳು ಪಕ್ಕದಲ್ಲಿ ಕುಳಿತು ನನ್ನ ಬೆನ್ನು ಉಜ್ಜುತ್ತಿದ್ದಳು, ನಾನು ಅವಳ ಹತ್ತನೆಯ ಪರೀಕ್ಷೆಯ ದಿನ ಉಜ್ಜಿದ ಹಾಗೆ.

ನಮ್ಮ ಸರ್ ಅವರ ಕ್ಲಾಸಿಗೆ ಒಂದು ಪದ್ಧತಿಯಿದೆ. ಬೇರೆ ಕಡೆ ಇರುವುದೋ ಇಲ್ಲವೋ ನನಗೆ ಗೊತ್ತಿಲ್ಲ. ಕಪ್ಪು ಬೆಲ್ಟು ಬೇಕಾದವರು ಎಲ್ಲ ಮುಗಿದ ಮೇಲೆ ಕೊನೆಗೆ ಸರ್ ಅವರ ಎದುರಿಗೇ ನಿಲ್ಲಬೇಕು. ಒಂದು ಒದೆತವಾದರೂ ಅವರ ಎದೆಗೆ ತಾಗಬೇಕು. ಅವರು ತಡೆಯುತ್ತಾರೆ, ತಿರುಗಿ ಹೊಡೆಯುತ್ತಾರೆ, ಬಿಟ್ಟುಕೊಡುವುದಿಲ್ಲ. ಆದರೆ ಹೆಚ್ಚಿನವರು ಸೋಲುವುದು ಅವರ ಹೊಡೆತಕ್ಕಲ್ಲ. ಅಕ್ಷರವನ್ನೋ ವಿದ್ಯೆಯನ್ನೋ ಕಲಿಸಿದವರ ಎದೆಗೆ ಕಾಲೆತ್ತುವಾಗ ನಮ್ಮವರ ಕಾಲು ತಾನಾಗಿ ನಿಧಾನವಾಗುತ್ತದೆ. ನನ್ನ ಮುಂದಿನ ಹುಡುಗ, ಆರಡಿ ಎತ್ತರದವನು, ಅಲ್ಲೇ ಮೂರು ಸಲ ಕಾಲು ಹಿಂದಕ್ಕೆ ಎಳೆದುಕೊಂಡ. ಸರ್ ಅವನಿಗೆ ಮರಾಠಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾರೆ. ನಾಲ್ಕನೆಯ ಸಲ ತಾಗಿಸಿ ಅವನು ಕೈ ಮುಗಿದೇಬಿಟ್ಟ. ಗೋವಾದವರು ನಕ್ಕು, ಹೋಗಲಿ ಎಂದರು.

ನನ್ನ ಸರದಿ ಬಂತು. ಮದುವೆಯ ಕುರ್ಚಿಗಳೆಲ್ಲ ಒಂದು ಗೇಣು ಮುಂದೆ ಸರಿದವು. ಕೈಯ ಕತೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತಲ್ಲ. ಸರ್ ನನ್ನ ಹೆಗಲಿಗೆ ಒಂದು ಕೊಟ್ಟರು, ಪಕ್ಕೆಗೆ ಒಂದು ಕೊಟ್ಟರು. ಉಸಿರು ಸಿಕ್ಕಿಬಿತ್ತು. ಅವರು ಮತ್ತೊಂದು ಹೊಡೆತಕ್ಕೆ ಹೆಗಲು ತಿರುಗಿಸಿದಾಗ ಎದೆ ತೆರೆಯಿತು, ನನ್ನ ಕಾಲು ಹೋಗಿ ಅಲ್ಲಿ ಕುಳಿತಿತು. ಅವರ ಬಿಳಿ ಅಂಗಿಯ ಮೇಲೆ ನನ್ನ ಅಂಗಾಲಿನ ಧೂಳು ಮೂಡಿತು. ನನ್ನ ಕೈಗಳೆರಡೂ ಮುಖದ ಮುಂದೆ ಮುಷ್ಟಿಯಾಗಿ ಎಲ್ಲಿರಬೇಕೋ ಅಲ್ಲಿದ್ದವು. ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಚಪ್ಪಾಳೆ ಬಿತ್ತು. ಸರ್ ಎದೆಯ ಮೇಲಿನ ಧೂಳನ್ನು ನೋಡಿಕೊಂಡು, ನನ್ನ ಕೈಗಳನ್ನು ನೋಡಿ, "ಆತ್ರಿ ಮ್ಯಾಡಂ" ಎಂದರು. ಅಷ್ಟೇ ಅಂದರು. ಬೆಲ್ಟು ಕಟ್ಟಿದ ಮೇಲೆ ಉಳಿದವರೆಲ್ಲ ಅವರ ಪಾದ ಮುಟ್ಟಿದರು. ನಾನು ಕ್ಲಾಸಿನಲ್ಲಿ ಕಲಿತಂತೆ ನೆಟ್ಟಗೆ ನಿಂತು ಸೊಂಟ ಬಗ್ಗಿಸಿ ನಮಿಸಿದೆ. ಪದ್ಧತಿಗೆ ಸರಿಯಾಗಿ ಮಾಡಿದವಳು ನಾನೊಬ್ಬಳೇ ಎಂದು ನನಗೆ ಒಳಗೊಳಗೇ ಜಂಬ.

ಕಪ್ಪು ಬೆಲ್ಟನ್ನು ಬಿಚ್ಚುವ ಮನಸ್ಸಾಗದೆ ಸಮವಸ್ತ್ರದಲ್ಲೇ ತಮ್ಮನ ಮನೆಗೆ ಹೊರಟೆ. ಮಗಳು ಜೊತೆಗಿದ್ದಳು. ಹಾದಿಯಲ್ಲಿ ಚಹಾದಂಗಡಿಯವರು, ರಿಕ್ಷಾದವರು ಎಲ್ಲ ತಿರುಗಿ ನೋಡಿದರು. ನೋಡಲಿ ಎಂದು ನಿಧಾನವಾಗಿಯೇ ನಡೆದೆ. ಅವ್ವನಿಗೆ ಏನೆಂದು ಹೇಳಬೇಕೆಂದು ಅಷ್ಟು ದಿನ ಉಳಿಸಿಕೊಂಡ ಮಾತು ನಾಲಿಗೆಯ ತುದಿಯಲ್ಲಿತ್ತು. ಗುರುವಿನ ಎದೆಗೇ ಒದ್ದೆ ಅವ್ವಾ, ನಾಟಕ ಮಾಡಲಿಲ್ಲ, ಕೈ ಕದಲಲಿಲ್ಲ. ಅವಳು ಇನ್ನೇನು ಹೇಳಿಯಾಳು?

ಬಾಗಿಲು ತೆರೆದಿತ್ತು. ಅವ್ವ ಯಾವಾಗಲೂ ಕೂಡುವಲ್ಲೇ ಕುಳಿತಿದ್ದಳು, ಕಾಲು ಚಾಚಿ, ಮುಂದೆ ಅಕ್ಕಿಯ ಮೊರ ಇಟ್ಟುಕೊಂಡು. ನನಗೆ ವಿಪರೀತ ನೀರಡಿಕೆ. "ಅವ್ವಾ, ಬಂತು" ಎನ್ನುತ್ತಲೇ ಅವಳನ್ನು ದಾಟಿ ಅಡುಗೆಮನೆಗೆ ಹೋದೆ. ನಡುವೆ ಏನೋ ಕಾಲಿಗೆ ಬಡಿಯಿತು, ಮೊರ ಅಲುಗಿತು. "ಅಕ್ಕಿ ಚೆಲ್ಲಿತು ನೋಡವ್ವಾ" ಎಂದು ಒಳಗಿಂದಲೇ ಹೇಳಿದೆ. ತಂಬಿಗೆ ಎತ್ತಿ ಗಟಗಟ ಕುಡಿದೆ, ಬಾಯಿ ಒರೆಸಿಕೊಂಡೆ, ಬೆಲ್ಟು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದೆ.

ಮಗಳು ಹೊಸ್ತಿಲಲ್ಲೇ ನಿಂತಿದ್ದಳು. ಒಂದು ಬೂಟು ಬಿಚ್ಚಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಅವಳು ನನ್ನನ್ನು ಮೊದಲ ಸಲ ನೋಡುತ್ತಿರುವಂತೆ ನೋಡುತ್ತಿದ್ದಳು. ಅವ್ವ ಬೆಲ್ಟನ್ನು ನೋಡಲಿಲ್ಲ. ನೆಲದ ಮೇಲಿನ ಅಕ್ಕಿಯನ್ನು ಬೆರಳ ತುದಿಯಿಂದ ಒಟ್ಟು ಮಾಡುತ್ತ ಕೇಳಿದಳು.

"ಬೇಕಂತ ಒದ್ದಿಯೇನ?"

ಸರ್ ಅವರಿಗೆ ಒದ್ದದ್ದನ್ನು ಕೇಳುತ್ತಿದ್ದಾಳೆ, ಸುದ್ದಿ ಇಷ್ಟು ಬೇಗ ಹೇಗೆ ಬಂತು ಎಂದುಕೊಂಡೆ. ಖುಷಿಯಿಂದಲೇ, "ಯಾರಿಗೆ?" ಎಂದೆ.

"ನನಗ."

ಅವಳ ಚಾಚಿದ ಕಾಲನ್ನು ನೋಡಿದೆ. ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ, ತೆಳುವಾದ ಚರ್ಮ ಕೆಂಪಾಗಿತ್ತು. ಕಾಲಿಗೆ ಬಡಿದದ್ದು ಮೊರವೆಂದುಕೊಂಡಿದ್ದೆ. ಮೊರವಲ್ಲ. ನನ್ನ ಕಾಲು ನನ್ನ ತಾಯಿಗೆ ತಾಗಿತ್ತು. ನಾನು ನಡೆದು ಹೋಗಿ, ನೀರು ಕುಡಿದು, ಬಾಯಿ ಒರೆಸಿಕೊಂಡು ಬಂದಿದ್ದೆ. ಚೆಲ್ಲಿದ ಅಕ್ಕಿಗೂ ಅವಳನ್ನೇ ದೂರಿದ್ದೆ. ಕೈ ಹೋಗಿರಲಿಲ್ಲ. ಹೋಗಬೇಕೆಂದು ಅದಕ್ಕೆ ಅನಿಸಿಯೂ ಇರಲಿಲ್ಲ. ಗ್ರಂಥಾಲಯದ ಅಟೆಂಡರು ನೋಡಿದ ನೋಟ ಆಗ ನೆನಪಿಗೆ ಬಂತು, ಅದು ಕ್ಲಾಸು, ಇದು ಬಸ್ಸು ಎಂದು ಮಗಳು ಹೇಳಿದ ಮಾತೂ ನೆನಪಿಗೆ ಬಂತು.

"ಇಲ್ಲವ್ವಾ" ಎಂದೆ. "ಗೊತ್ತಾಗಲಿಲ್ಲ."

ಅವ್ವ ಅಕ್ಕಿಯಿಂದ ಕೈ ತೆಗೆದಳು. ನಾನು ಬೆಲ್ಟನ್ನು ಎಲ್ಲಿಡುವುದೆಂದು ತಿಳಿಯದೆ ಮಗಳ ಕೈಗೆ ಕೊಟ್ಟೆ. ಅಕ್ಕಿಯ ಪಕ್ಕದಲ್ಲಿ ಕುಳಿತು ಆ ಕೆಂಪಾದ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವಳು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಕೈ ಹೋಯಿತು, ಆದರೆ ನಾನು ಕಳಿಸಿದ ಮೇಲೆ ಹೋಯಿತು.